ಗ್ಯಾಸ್ ತುಂಬಿಸುವ ಮೊದಲು: ಕಾರಿನ ಎಸಿ ಸೆನ್ಸರ್‌ಗಳನ್ನು ಪರೀಕ್ಷಿಸುವ ಬಗೆ

ಎಸಿ ತಂಪು ಕೊಡುತ್ತಿಲ್ಲ ಎಂದು ಕಾರನ್ನು ಗ್ಯಾರೇಜಿಗೆ ಒಯ್ದರೆ ಬಾನೆಟ್ ತೆರೆಯುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ: ‘ಗ್ಯಾಸ್ ಕಡಿಮೆಯಾಗಿದೆ ಸರ್, ತುಂಬಿಸಿಬಿಡೋಣ.’ ಕೆಲವು ಸಲ ಅದು ನಿಜವೂ ಆಗಿರುತ್ತದೆ. ಆದರೆ ಗ್ಯಾಸ್ ಸಾಕಷ್ಟಿದ್ದೂ ಅದನ್ನು ಪಂಪ್ ಮಾಡುವ ಕಂಪ್ರೆಸರ್ ಓಡದ ಕಾರುಗಳಿವೆ. ಮೊದಲು ಚೆನ್ನಾಗಿ ತಂಪಾಗಿ, ಗಂಟೆ ಕಳೆಯುವಷ್ಟರಲ್ಲಿ ಗಾಳಿಯೇ ನಿಂತುಹೋಗುವ ಕಾರುಗಳಿವೆ. 24 ಡಿಗ್ರಿಗೆ ಇಟ್ಟರೂ ಬ್ಲೋವರ್ ಪೂರ್ತಿ ವೇಗದಲ್ಲಿ ಕೂಗುತ್ತಲೇ ಇರುವ ಕಾರುಗಳೂ ಇವೆ. ಇಂಥ ಕಡೆ ಎಸಿಯ ಕಂಪ್ಯೂಟರಿಗೆ ತಪ್ಪು ಸುದ್ದಿ ಮುಟ್ಟುತ್ತಿರುವ ಸಾಧ್ಯತೆ ಹೆಚ್ಚು. ಸುದ್ದಿ ಕೊಡುವುದು ಸೆನ್ಸರ್. ಅದನ್ನು ಮುಟ್ಟಿಸುವುದು ವೈರು ಮತ್ತು ಕನೆಕ್ಟರ್. ಇವುಗಳಲ್ಲಿ ಸೆನ್ಸರ್ ತಾನಾಗಿ ಸಾಯುವುದಕ್ಕಿಂತ ವೈರು, ಕನೆಕ್ಟರ್ ಕೈಕೊಡುವುದೇ ಹೆಚ್ಚು. ಹಾಗಾಗಿ ಸೆನ್ಸರ್ ತೋರಿಸುವ ಅಂಕಿಯನ್ನು ಒಂದು ಥರ್ಮಾಮೀಟರಿನ ಅಂಕಿಯೊಂದಿಗೆ ಹೋಲಿಸಿ ನೋಡುವವರೆಗೆ ಯಾವುದನ್ನೂ ಬದಲಿಸಬೇಡಿ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಉದ್ದ ಮೂತಿಯ ಡಿಜಿಟಲ್ ಥರ್ಮಾಮೀಟರ್, ಸಾಧಾರಣ ಮಲ್ಟಿಮೀಟರ್, ಒಂದು ಬಟ್ಟಲು ಐಸ್, ಒಂದು ಟಾರ್ಚ್. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಮೊಬೈಲಿನಲ್ಲಿ ತೋರಿಸುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಇದ್ದರೆ ಕೆಲಸ ಸಲೀಸು. ಭಾರತದಲ್ಲಿ 2013ರ ಏಪ್ರಿಲ್ ನಂತರದ ಕಾರುಗಳಲ್ಲಿ ಎರಡನೇ ಹಂತದ ಒಬಿಡಿ (ಕಾರು ತನ್ನ ದೋಷವನ್ನು ತಾನೇ ಗುರುತಿಸುವ ವ್ಯವಸ್ಥೆ) ಕಡ್ಡಾಯವಾಗಿರುವುದರಿಂದ ಸ್ಟೀರಿಂಗ್ ಕೆಳಗೆ ಅದರ ಹದಿನಾರು ಪಿನ್‌ಗಳ ಸಾಕೆಟ್ ಸಿಗುತ್ತದೆ. ಒಂದು ಎಚ್ಚರಿಕೆ: ಅಗ್ಗದ ಅಡಾಪ್ಟರುಗಳು ಎಂಜಿನ್ನಿನ ಕಂಪ್ಯೂಟರನ್ನಷ್ಟೇ ಓದುತ್ತವೆ. ಹೊರಗಿನ ತಾಪಮಾನ, ಎಂಜಿನ್ನನ್ನು ತಂಪಾಗಿಡುವ ಕೂಲಂಟ್ ದ್ರವದ ತಾಪಮಾನ, ಕೆಲವು ಕಾರುಗಳಲ್ಲಿ ಗ್ಯಾಸಿನ ಒತ್ತಡ ಅಲ್ಲಿ ಸಿಗಬಹುದು. ಒಳಗಿನ ಸೆನ್ಸರ್, ಬಿಸಿಲಿನ ಸೆನ್ಸರ್ ಮುಂತಾದವು ಎಸಿಯ ಪ್ರತ್ಯೇಕ ಕಂಪ್ಯೂಟರಿಗೆ ಸೇರಿದವು. ಅವನ್ನು ಓದಲು ಆಯಾ ಕಂಪನಿಯ ಕಾರಿಗೆ ಹೊಂದುವ ಸ್ಕ್ಯಾನರ್ ಬೇಕು.

ಮುಟ್ಟಬಾರದವುಗಳ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಗ್ಯಾಸಿನ ಪೈಪಿಗೆ ತಿರುಚಿ ಕೂರಿಸಿದ ಒತ್ತಡದ ಸೆನ್ಸರನ್ನು ಮನೆಯಲ್ಲಿ ಬಿಚ್ಚಬೇಡಿ. ಕೆಲವು ಕಾರುಗಳಲ್ಲಿ ಅದರ ಕೆಳಗೆ ಕವಾಟ ಇರುತ್ತದೆ, ಕೆಲವುಗಳಲ್ಲಿ ಇರುವುದಿಲ್ಲ. ಇಲ್ಲದಿದ್ದರೆ ಗ್ಯಾಸೆಲ್ಲ ನಿಮ್ಮ ಮುಖಕ್ಕೇ. ಡ್ಯಾಶ್‌ಬೋರ್ಡ್ ಕೆಳಗಿನ ಹಳದಿ ಕನೆಕ್ಟರುಗಳು ಏರ್‌ಬ್ಯಾಗಿನವು, ಅವಕ್ಕೆ ಮಲ್ಟಿಮೀಟರ್ ತಾಗಿಸಲೇಬೇಡಿ. ವಿದ್ಯುತ್ ಕಾರು, ಹೈಬ್ರಿಡ್ ಕಾರುಗಳಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಆ ಕಡೆಗೆ ಕೈ ಚಾಚಬೇಡಿ. ಬಾನೆಟ್ ಒಳಗಿನ ಫ್ಯಾನು ಯಾವ ಕ್ಷಣದಲ್ಲಾದರೂ ತಿರುಗಬಹುದು.

ಸೆನ್ಸರ್ ಅಲ್ಲದ ಕಾರಣಗಳು

ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ದೂಳು, ಒಣಗಿದ ಎಲೆ ತುಂಬಿ ಕಂಬಳಿಯಂತಾಗಿದ್ದರೆ ಮುಂದಿನ ಪರೀಕ್ಷೆಗಳಿಗೆ ಅರ್ಥವಿಲ್ಲ. ಎಸಿ ಹಾಕಿದಾಗ ರೇಡಿಯೇಟರ್ ಮುಂದಿನ, ಗ್ಯಾಸಿನ ಬಿಸಿಯನ್ನು ಹೊರಬಿಡುವ ಕಂಡೆನ್ಸರಿಗೆ ಗಾಳಿ ಎಳೆಯುವ ಫ್ಯಾನು ತಿರುಗುತ್ತದೆಯೇ, ಕಂಡೆನ್ಸರ್ ಮೇಲೆ ಕೆಸರು ಮೆತ್ತಿದೆಯೇ ನೋಡಿ. ಆಮೇಲೆ ನೆರಳಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ನನ್ನು 1500 ಆರ್‌ಪಿಎಂ ಹತ್ತಿರ ಇಟ್ಟು, ಒಳಗಿನ ಗಾಳಿಯೇ ಸುತ್ತುವಂತೆ ಬಟನ್ ಒತ್ತಿ, ತಾಪಮಾನ ಅತ್ಯಂತ ಕಡಿಮೆಗೆ, ಬ್ಲೋವರ್ ನಡುವೇಗಕ್ಕೆ ಹೊಂದಿಸಿ. ಮಧ್ಯದ ಕಿಂಡಿಯಲ್ಲಿ ಥರ್ಮಾಮೀಟರ್ ತೂರಿಸಿ ಹತ್ತು ನಿಮಿಷ ಕಾಯಿರಿ. ಹೊರಗೆ 30 ಡಿಗ್ರಿಯ ಒಣ ಹವೆ ಇದ್ದಾಗ ಕಿಂಡಿಯ ಗಾಳಿ ಸುಮಾರು 5ರಿಂದ 10 ಡಿಗ್ರಿಗೆ ಇಳಿದರೆ ತಂಪು ಮಾಡುವ ಭಾಗ ಸರಿಯಿದೆ ಎನ್ನಬಹುದು. ಇದೇ ಕಾರು ಮಂಗಳೂರಿನ ಸೆಕೆಯಲ್ಲಿ ಇನ್ನೂ ಕೆಲವು ಡಿಗ್ರಿ ಮೇಲೆಯೇ ನಿಲ್ಲುತ್ತದೆ. ಗಾಳಿಯ ತೇವವನ್ನು ನೀರಾಗಿಸುವುದಕ್ಕೇ ಶಕ್ತಿಯ ದೊಡ್ಡ ಪಾಲು ಹೋಗುತ್ತದಾದ್ದರಿಂದ ಅದು ದೋಷವಲ್ಲ.

ನಿಮ್ಮ ಕಾರಿನಲ್ಲಿ ಯಾವ ಸೆನ್ಸರ್‌ಗಳಿವೆ?

ಗುಂಡಿ ತಿರುಗಿಸುವ ಸಾದಾ ಎಸಿಯಾದರೆ ಮುಖ್ಯವಾಗಿ ಎರಡು: ಗಾಳಿಯನ್ನು ತಂಪಾಗಿಸುವ ಇವ್ಯಾಪರೇಟರಿನ ತಾಪಮಾನದ ಸೆನ್ಸರ್ ಮತ್ತು ಗ್ಯಾಸಿನ ಒತ್ತಡದ ಸೆನ್ಸರ್ ಅಥವಾ ಸ್ವಿಚ್. ಡಿಗ್ರಿ ತೋರಿಸುವ ಆಟೋ ಎಸಿಯಲ್ಲಿ ಇವುಗಳ ಜೊತೆಗೆ ಹೊರಗಿನ ತಾಪಮಾನ, ಕಾರಿನೊಳಗಿನ ತಾಪಮಾನ ಮತ್ತು ಬಿಸಿಲನ್ನು ಅಳೆಯುವ ಸೆನ್ಸರ್‌ಗಳಿರುತ್ತವೆ. ಎಂಜಿನ್ನಿನ ಕೂಲಂಟ್ ಸೆನ್ಸರ್ ಕೂಡ ಈ ಆಟದಲ್ಲಿದೆ. ಎಂಜಿನ್ ಅತಿಯಾಗಿ ಕಾದಿದೆ ಎಂದು ಅದು ಹೇಳಿದರೆ ಕಂಪ್ರೆಸರ್ ಬಂದ್.

ತಾಪಮಾನದ ಸೆನ್ಸರ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯ ಥರ್ಮಿಸ್ಟರುಗಳು. ಬಿಸಿಯಾದಂತೆ ಅವುಗಳ ರೋಧ, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, ಇಳಿಯುತ್ತದೆ, ತಣ್ಣಗಾದಂತೆ ಏರುತ್ತದೆ. ಎಸಿಯ ಕಂಪ್ಯೂಟರ್ 5 ವೋಲ್ಟ್ ಕಳಿಸಿ, ರೋಧಕ್ಕೆ ತಕ್ಕಂತೆ ಉಳಿಯುವ ವೋಲ್ಟೇಜನ್ನು ಡಿಗ್ರಿಯಾಗಿ ಓದಿಕೊಳ್ಳುತ್ತದೆ. ಇದೊಂದು ತಿಳಿದಿದ್ದರೆ ಅರ್ಧ ರೋಗನಿದಾನ ಆದಂತೆ. ವೈರು ತುಂಡಾದರೆ ರೋಧ ಅನಂತ, ಆದ್ದರಿಂದ ಕಂಪ್ಯೂಟರಿಗೆ ಕಾಣುವುದು ಭಯಂಕರ ಚಳಿ, ಸಾಮಾನ್ಯವಾಗಿ ಮೈನಸ್ 40 ಡಿಗ್ರಿ. ಎರಡು ವೈರುಗಳು ಒಂದಕ್ಕೊಂದು ತಾಗಿದರೆ ರೋಧ ಸೊನ್ನೆ, ಆಗ ಕಾಣುವುದು ಅಸಾಧ್ಯವಾದ ಬಿಸಿ.

ಬೆಳಗಿನ ಪರೀಕ್ಷೆ

ನನ್ನ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಇದಕ್ಕೆ ಏನನ್ನೂ ಬಿಚ್ಚಬೇಕಿಲ್ಲ. ಕಾರು ರಾತ್ರಿಯಿಡೀ ನೆರಳಿನಲ್ಲಿ ನಿಂತಿರಲಿ. ಬಿಸಿಲು ತಾಗುವ ಮೊದಲು ಬಾಗಿಲು ತೆರೆದು, ಎಂಜಿನ್ ಚಾಲೂ ಮಾಡದೆ ಇಗ್ನಿಷನ್ ಮಾತ್ರ ಹಾಕಿ ಸ್ಕ್ಯಾನರಿನಲ್ಲಿ ಅಂಕಿಗಳನ್ನು ನೋಡಿ. ಹೊರಗಿನ ತಾಪಮಾನ, ಒಳಗಿನ ತಾಪಮಾನ, ಇವ್ಯಾಪರೇಟರ್, ಕೂಲಂಟ್, ಎಂಜಿನ್ನಿಗೆ ಹೋಗುವ ಗಾಳಿಯ ತಾಪಮಾನ, ಇಷ್ಟೂ ಆ ಹೊತ್ತಿನಲ್ಲಿ ಒಂದೇ ಹವೆಯಲ್ಲಿವೆ. ಎಲ್ಲವೂ ನಿಮ್ಮ ಥರ್ಮಾಮೀಟರಿನ ಆಸುಪಾಸಿನಲ್ಲಿ, ಎರಡು ಮೂರು ಡಿಗ್ರಿ ಅಂತರದೊಳಗೆ ಇರಬೇಕು. ನಾಲ್ಕು 22 ಎಂದು ಹೇಳುವಾಗ ಒಂದು ಮಾತ್ರ 9 ಅಥವಾ 41 ಎಂದರೆ ನಿಮ್ಮ ಆರೋಪಿ ಸಿಕ್ಕಿಬಿದ್ದ. ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಇದೇ ಹೋಲಿಕೆ ಮಾಡಬೇಡಿ. ಆಗ ಪ್ರತಿಯೊಂದು ಸೆನ್ಸರೂ ತಾನಿರುವ ಜಾಗದ ಬಿಸಿಯನ್ನೇ ಹೇಳುತ್ತಿರುತ್ತದೆ.

ಗ್ಯಾಸಿನ ಒತ್ತಡದ ಸೆನ್ಸರನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಬಹುದು. ಮುಚ್ಚಿದ ಪೈಪಿನೊಳಗೆ ದ್ರವವೂ ಆವಿಯೂ ಒಟ್ಟಿಗಿರುವಾಗ ಒತ್ತಡವನ್ನು ನಿರ್ಧರಿಸುವುದು ತಾಪಮಾನ ಮಾತ್ರ. ಆರ್-134ಎ ಗ್ಯಾಸಿಗೆ 25 ಡಿಗ್ರಿಯಲ್ಲಿ ಗೇಜಿನ ಒತ್ತಡ ಸುಮಾರು 5.7 ಬಾರ್, 30ರಲ್ಲಿ 6.7, 35ರಲ್ಲಿ 7.9. ಹೊಸ ಕಾರುಗಳ ಆರ್-1234ವೈಎಫ್ ಕೂಡ ಹೆಚ್ಚುಕಡಿಮೆ ಇಷ್ಟೇ ತೋರಿಸುತ್ತದೆ. ಯಾವ ಗ್ಯಾಸ್ ಎಂಬುದು ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಬರೆದಿರುತ್ತದೆ. ಕೆಲವು ಸ್ಕ್ಯಾನರುಗಳು ಗಾಳಿಯ ಒತ್ತಡವನ್ನೂ ಸೇರಿಸಿ ಹೇಳುವುದರಿಂದ ಅಂಕಿ ಒಂದು ಬಾರ್‌ನಷ್ಟು ಹೆಚ್ಚಿರಬಹುದು. 25 ಡಿಗ್ರಿಯ ಬೆಳಗಿನಲ್ಲಿ ಸ್ಕ್ಯಾನರ್ 2 ಬಾರ್ ತೋರಿಸಿದರೆ, ಮತ್ತು ಗ್ಯಾರೇಜಿನ ಗೇಜೂ ಅಷ್ಟೇ ತೋರಿಸಿದರೆ, ಗ್ಯಾಸ್ ನಿಜವಾಗಿಯೂ ಸೋರಿಹೋಗಿದೆ, ಸೆನ್ಸರ್ ಪ್ರಾಮಾಣಿಕವಾಗಿದೆ. ಗೇಜು 5.7 ತೋರಿಸಿ ಸ್ಕ್ಯಾನರ್ 2 ಎಂದರೆ ತಪ್ಪು ಸೆನ್ಸರಿನದು ಅಥವಾ ವೈರಿನದು, ಆ ಕಾರಿಗೆ ಗ್ಯಾಸ್ ತುಂಬಿಸುವುದು ದಂಡ. ಇದರ ಮಿತಿಯೂ ತಿಳಿದಿರಲಿ: ಒತ್ತಡ ಸರಿಯಿದೆ ಎಂದರೆ ಒಳಗೆ ದ್ರವ ಇದೆ ಎಂದಷ್ಟೇ ಅರ್ಥ, ಎಷ್ಟು ಗ್ರಾಂ ಇದೆ ಎಂಬುದನ್ನು ಅದು ಹೇಳುವುದಿಲ್ಲ.

ಹೊರಗಿನ ತಾಪಮಾನದ ಸೆನ್ಸರ್

ಸಾಮಾನ್ಯವಾಗಿ ಮುಂದಿನ ಬಂಪರ್ ಹಿಂದೆ, ಗ್ರಿಲ್ ಬಳಿ ಇರುತ್ತದೆ. ಕೆಲವು ಕಾರುಗಳಲ್ಲಿ ಬದಿಯ ಕನ್ನಡಿಯ ಕೆಳಗೆ. ಬಂಪರಿಗೆ ಪೆಟ್ಟು ಬಿದ್ದು ಪೇಂಟ್ ಮಾಡಿಸಿದ ಮೇಲೆ ಎಸಿ ಕೆಟ್ಟಿತೆಂಬ ದೂರಿನ ಮೂಲ ಎಷ್ಟೋ ಸಲ ಇಲ್ಲೇ. ಬಂಪರ್ ಮತ್ತೆ ಕೂರಿಸುವಾಗ ಈ ಪುಟ್ಟ ಕನೆಕ್ಟರನ್ನು ಸಿಕ್ಕಿಸಲು ಮರೆತಿರುತ್ತಾರೆ. ಹೊರಗೆ ಹಿಮ ಬೀಳುವಷ್ಟು ಚಳಿ ಇದೆ ಎಂದು ನಂಬಿದ ಕಂಪ್ಯೂಟರ್, ಕಂಪ್ರೆಸರ್ ಓಡಲು ಬಿಡುವುದಿಲ್ಲ. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲೂ ಬಿಡುವುದಿಲ್ಲ.

ಹಾಗೆಂದು ಪರದೆಯ ಮೇಲೆ ಹೆಚ್ಚು ಡಿಗ್ರಿ ಕಂಡ ಕೂಡಲೇ ಸೆನ್ಸರ್ ಕೆಟ್ಟಿದೆ ಎನ್ನಬೇಡಿ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತ ಕಾರು, ಮುಂದಿನ ಲಾರಿಯ ಬಿಸಿಯನ್ನೂ ತನ್ನ ಕಂಡೆನ್ಸರಿನ ಬಿಸಿಯನ್ನೂ ಕುಡಿದು 40 ಎಂದು ತೋರಿಸುವುದು ಸಹಜ. ನಿಧಾನವಾಗಿ ಹೋಗುವಾಗ ಅಂಕಿಯನ್ನು ಬೇಗ ಬದಲಿಸದಂತೆ ಅನೇಕ ಕಾರುಗಳ ತಂತ್ರಾಂಶವೇ ತಡೆಹಿಡಿಯುತ್ತದೆ. ತೆರೆದ ರಸ್ತೆಯಲ್ಲಿ ಸ್ವಲ್ಪ ವೇಗವಾಗಿ ಹತ್ತು ನಿಮಿಷ ಓಡಿಸಿದ ಮೇಲೂ ನಿಜವಾದ ತಾಪಮಾನಕ್ಕೆ ಇಳಿಯದಿದ್ದರೆ ಮಾತ್ರ ಮುಂದಿನ ಪರೀಕ್ಷೆ.

ಸೆನ್ಸರನ್ನು ಕನೆಕ್ಟರಿನಿಂದ ಬಿಡಿಸಿ, ಮಲ್ಟಿಮೀಟರನ್ನು ಕಿಲೋ ಓಮ್‌ಗೆ ಇಟ್ಟು ಎರಡು ಪಿನ್‌ಗಳಿಗೆ ತಾಗಿಸಿ. ಸೆನ್ಸರಿನ ತುದಿಯನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಪುಡಿ ಮಾಡಿದ ಐಸ್ ಮತ್ತು ನೀರು ಬೆರೆಸಿದ ಬಟ್ಟಲಿನಲ್ಲಿ ಮುಳುಗಿಸಿ. ಅದು 0 ಡಿಗ್ರಿ. ಆಮೇಲೆ ಕೋಣೆಯ ಹವೆಯಲ್ಲಿ, ಕೊನೆಗೆ 50 ಡಿಗ್ರಿಯ ಬಿಸಿನೀರಿನಲ್ಲಿ ಅಳೆಯಿರಿ. 25 ಡಿಗ್ರಿಯಲ್ಲಿ 10 ಕಿಲೋ ಓಮ್ ಇರುವ ಥರ್ಮಿಸ್ಟರ್ ಐಸಿನಲ್ಲಿ 30ರ ಸುತ್ತಮುತ್ತ, 50 ಡಿಗ್ರಿಯಲ್ಲಿ 4ರ ಸುತ್ತಮುತ್ತ ಬರುತ್ತದೆ. ಪ್ರತಿ ಕಂಪನಿಯ ಮೂಲ ಅಂಕಿ ಬೇರೆಯಾದ್ದರಿಂದ ಖಚಿತ ಬೆಲೆಗೆ ಆ ಕಾರಿನ ಸರ್ವಿಸ್ ಕೈಪಿಡಿಯನ್ನೇ ನೋಡಬೇಕು. ಆದರೆ ಬಿಸಿನೀರಿಗೆ ಹೋದಾಗ ರೋಧ ಎಲ್ಲೂ ಜಿಗಿಯದೆ ನಯವಾಗಿ ಇಳಿಯಬೇಕು ಎಂಬ ನಿಯಮ ಎಲ್ಲಕ್ಕೂ ಒಂದೇ. ನಡುವೆ ಅಂಕಿ ಕುಣಿದರೆ, ಒಂದೇ ಕಡೆ ಅಂಟಿಕೊಂಡರೆ ಸೆನ್ಸರ್ ಹೋಗಿದೆ.

ಇವ್ಯಾಪರೇಟರ್ ಸೆನ್ಸರ್

ಮೆಕ್ಯಾನಿಕ್‌ಗಳು ಕೂಲಿಂಗ್ ಕಾಯಿಲ್ ಎಂದು ಕರೆಯುವ ಇವ್ಯಾಪರೇಟರಿನ ರೆಕ್ಕೆಗಳ ನಡುವೆ ಚುಚ್ಚಿಟ್ಟ ಸಣ್ಣ ಥರ್ಮಿಸ್ಟರ್ ಇದು. ಕಾಯಿಲ್ ಮೇಲೆ ಐಸ್ ಕಟ್ಟದಂತೆ ಕಾಯುವುದು ಇದರ ಕೆಲಸ. ತಾಪಮಾನ 1ರಿಂದ 4 ಡಿಗ್ರಿಯ ನಡುವೆ ಎಲ್ಲೋ ಒಂದು ಗೆರೆ ಮುಟ್ಟಿದಾಗ ಕಂಪ್ರೆಸರ್ ನಿಲ್ಲುತ್ತದೆ, ಒಂದೆರಡು ಡಿಗ್ರಿ ಏರಿದಾಗ ಮತ್ತೆ ಓಡುತ್ತದೆ.

ಈ ಸೆನ್ಸರ್ ಇರುವುದಕ್ಕಿಂತ ಹೆಚ್ಚು ಬಿಸಿ ತೋರಿಸಿದರೆ ಏನಾಗುತ್ತದೆ ನೋಡಿ. ಬೆಂಗಳೂರಿನಿಂದ ಹಾಸನಕ್ಕೆ ಹೊರಟ ಕಾರು ನೆಲಮಂಗಲದ ತನಕ ಸೊಗಸಾಗಿ ತಂಪಾಗಿರುತ್ತದೆ. ಬೆಳ್ಳೂರು ಕ್ರಾಸ್ ಬರುವ ಹೊತ್ತಿಗೆ ಬ್ಲೋವರಿನ ಸದ್ದು ಇದೆ, ಗಾಳಿ ಇಲ್ಲ. ಕಾಫಿಗೆಂದು ಇಪ್ಪತ್ತು ನಿಮಿಷ ನಿಲ್ಲಿಸಿದರೆ ಕಾರಿನಡಿ ನೀರಿನ ಹೊಂಡ; ಮತ್ತೆ ಹೊರಟಾಗ ಎಲ್ಲ ಸರಿ. ಕಂಪ್ರೆಸರ್ ನಿಲ್ಲದೆ ಓಡಿ ಕಾಯಿಲ್ ಹಿಮಗಡ್ಡೆಯಾಗಿತ್ತು, ನಿಂತಾಗ ಕರಗಿತು. ಸೆನ್ಸರ್ ಹೆಚ್ಚು ತಂಪು ತೋರಿಸಿದರೆ ತದ್ವಿರುದ್ಧ: ಕಂಪ್ರೆಸರ್ ಬೇಗ ಬೇಗ ನಿಂತು ಕಾರು ತಂಪಾಗುವುದೇ ಇಲ್ಲ.

ಐಸ್ ಕಟ್ಟಲು ದೂಳು ತುಂಬಿದ ಫಿಲ್ಟರ್ ಅಥವಾ ಸ್ವಲ್ಪ ಕಡಿಮೆಯಾದ ಗ್ಯಾಸ್ ಕೂಡ ಕಾರಣವಾಗಬಹುದು. ಆದ್ದರಿಂದ ಸ್ಕ್ಯಾನರಿನಲ್ಲಿ ಇವ್ಯಾಪರೇಟರ್ ತಾಪಮಾನವನ್ನು ನೋಡುತ್ತ, ಕಿಂಡಿಯಲ್ಲಿಟ್ಟ ಥರ್ಮಾಮೀಟರಿನ ಜೊತೆ ಹೋಲಿಸಿ. ಕಿಂಡಿ 4 ಡಿಗ್ರಿಗೆ ಇಳಿದರೂ ಸೆನ್ಸರ್ 14 ಎನ್ನುತ್ತಿದ್ದರೆ ತೀರ್ಮಾನ ಸುಲಭ. ಸ್ಕ್ಯಾನರ್ ಇಲ್ಲದವರು ಹಳೆಯ ಬಗೆಯ ಕಂಪ್ರೆಸರಾದರೆ ಕ್ಲಚ್ಚಿನ ‘ಟಕ್’ ಸದ್ದನ್ನು ಕೇಳಿಸಿಕೊಂಡು, ಯಾವ ಡಿಗ್ರಿಗೆ ನಿಂತಿತು, ಯಾವ ಡಿಗ್ರಿಗೆ ಮತ್ತೆ ಹಿಡಿಯಿತು ಎಂದು ಗುರುತು ಹಾಕಿಕೊಳ್ಳಬಹುದು. ಈಚಿನ ಅನೇಕ ಕಾರುಗಳ ಕಂಪ್ರೆಸರಿಗೆ ಕ್ಲಚ್ಚೇ ಇರುವುದಿಲ್ಲ, ಅದು ಬೇಕಾದಷ್ಟೇ ಪಂಪ್ ಮಾಡುತ್ತ ಸತತ ತಿರುಗುತ್ತದೆ. ಅಲ್ಲಿ ಸದ್ದಿಗೆ ಕಾಯುವುದು ವ್ಯರ್ಥ.

ಸೆನ್ಸರ್ ಕೈಗೆ ಸಿಗುವುದು ಕಾರಿನ ಪುಣ್ಯದ ಮೇಲೆ. ಕೆಲವುಗಳಲ್ಲಿ ಗ್ಲೋವ್ ಬಾಕ್ಸ್ ಬಿಚ್ಚಿ ಪಕ್ಕದಿಂದ ಎಳೆಯಬಹುದು. ಕೆಲವುಗಳಲ್ಲಿ ಡ್ಯಾಶ್‌ಬೋರ್ಡನ್ನೇ ಇಳಿಸಬೇಕು, ಅಂಥದ್ದನ್ನು ಗ್ಯಾರೇಜಿಗೇ ಬಿಡಿ. ಹೊರತೆಗೆದರೆ ಅದೇ ಐಸ್ ನೀರಿನ ಪರೀಕ್ಷೆ. ಮರಳಿ ಚುಚ್ಚುವಾಗ ಮೊದಲಿದ್ದ ಜಾಗದಲ್ಲೇ, ಅಷ್ಟೇ ಆಳಕ್ಕೆ ಇರಲಿ. ಕಾಯಿಲಿನ ಬೇರೆ ಮೂಲೆಯ ತಾಪಮಾನ ಬೇರೆ, ಹೊಸ ಸೆನ್ಸರ್ ಹಾಕಿದ ಮೇಲೂ ಐಸ್ ಕಟ್ಟುವುದಕ್ಕೆ ಇದೇ ಒಂದು ಕಾರಣ.

ಒಳಗಿನ ಸೆನ್ಸರ್ ಮತ್ತು ಬಿಸಿಲಿನ ಸೆನ್ಸರ್

ಸ್ಟೀರಿಂಗ್ ಪಕ್ಕದಲ್ಲೋ ಎಸಿ ಬಟನ್‌ಗಳ ನಡುವೆಯೋ ಸಣ್ಣ ಜಾಲರಿಯೊಂದು ಕಾಣುತ್ತದೆ. ಅದರ ಹಿಂದೆ ಒಳಗಿನ ತಾಪಮಾನದ ಸೆನ್ಸರ್ ಇದೆ. ಕಾರಿನ ಗಾಳಿಯನ್ನು ಅದರ ಮೇಲೆ ಎಳೆಯಲು ಪುಟ್ಟ ಫ್ಯಾನು ಅಥವಾ ಒಂದು ಕೊಳವೆ ಇರುತ್ತದೆ. ಎಸಿ ಹಾಕಿ, ಟಿಶ್ಯೂ ಕಾಗದದ ಚೂರನ್ನು ಜಾಲರಿಗೆ ಹಿಡಿಯಿರಿ. ಅಂಟಿಕೊಂಡು ನಿಂತರೆ ಗಾಳಿ ಹರಿಯುತ್ತಿದೆ. ಬಿದ್ದುಹೋದರೆ ದೂಳು ಕಟ್ಟಿದೆ, ಫ್ಯಾನು ನಿಂತಿದೆ ಅಥವಾ ಸ್ಟೀರಿಯೋ ಬದಲಿಸಿದವರು ಕೊಳವೆಯನ್ನು ಕಳಚಿಟ್ಟಿದ್ದಾರೆ. ಆಗ ಸೆನ್ಸರ್ ಡ್ಯಾಶ್‌ಬೋರ್ಡಿನ ಹಿಂದಿನ ಬಿಸಿಯನ್ನೇ ನಿಮ್ಮ ಬಿಸಿ ಎಂದು ತಿಳಿದು ಬ್ಲೋವರನ್ನು ಜೋರು ಮಾಡಿಸುತ್ತದೆ. ಇದು ಸೆನ್ಸರ್ ಬದಲಿಸಿದರೆ ಹೋಗುವ ರೋಗವಲ್ಲ. ಗಾಳಿ ಸರಿಯಿದ್ದರೆ, ಆಟೋದಲ್ಲಿಟ್ಟು ಜಾಲರಿಯ ಮುಂದೆ ಐಸ್ ಕಟ್ಟಿದ ಕರವಸ್ತ್ರ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಬ್ಲೋವರಿನ ವೇಗ ಇಳಿಯಬೇಕು.

ಬಿಸಿಲಿನ ಸೆನ್ಸರ್ ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡ್ ಮೇಲೆ ಕಪ್ಪು ಗುಬ್ಬಿಯಂತೆ ಇರುತ್ತದೆ. ನಮ್ಮ ಕಾರುಗಳಲ್ಲಿ ಇದರ ದೊಡ್ಡ ಶತ್ರು ಯಾವುದೋ ದೋಷವಲ್ಲ, ಭಕ್ತಿ ಮತ್ತು ಅಲಂಕಾರ. ಗಣಪತಿಯ ಮೂರ್ತಿ, ಹೂವಿನ ಹಾರ, ವೆಲ್ವೆಟ್ ಹಾಸು, ಸುಗಂಧದ ಸೀಸೆ ಇವುಗಳಲ್ಲೊಂದು ಅದರ ಮೇಲೆಯೇ ಕುಳಿತಿರುತ್ತದೆ. ದೇವರನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ ಮತ್ತೆ ನೋಡಿ. ಪರೀಕ್ಷೆ ಬಿಸಿಲಿನಲ್ಲೇ ಆಗಬೇಕು. ಎಲ್ಇಡಿ ಟಾರ್ಚಿನ ಬೆಳಕಿನಲ್ಲಿ ಇನ್‌ಫ್ರಾರೆಡ್ ಇಲ್ಲದಿರುವುದರಿಂದ ಈ ಸೆನ್ಸರ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದಿರಬಹುದು. ಸ್ಕ್ಯಾನರಿನ ಅಂಕಿ ನೋಡುತ್ತ ದಪ್ಪ ಬಟ್ಟೆಯಿಂದ ಮುಚ್ಚಿ, ತೆರೆಯಿರಿ. ಮುಚ್ಚಿದಾಗ ಅಂಕಿ ಸೊನ್ನೆಯತ್ತ ಬೀಳಬೇಕು.

ಒತ್ತಡದ ಸೆನ್ಸರ್, ಎಸಿ ಓಡುವಾಗ

ಬೆಳಗಿನ ಪರೀಕ್ಷೆಯಲ್ಲಿ ಇದು ಪಾಸಾಗಿದ್ದರೆ ಈಗ ಎಂಜಿನ್ ಚಾಲೂ ಮಾಡಿ, ಎಸಿ ಹಾಕಿ. 30ರಿಂದ 35 ಡಿಗ್ರಿಯ ಹವೆಯಲ್ಲಿ ಒತ್ತಡ ಸುಮಾರು 12ರಿಂದ 18 ಬಾರ್‌ಗೆ ಏರುತ್ತದೆ. ಆಗ ಕಂಡೆನ್ಸರ್ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಿ. ಆರೋಗ್ಯವಾಗಿರುವ ಸೆನ್ಸರಿನ ಅಂಕಿ ಕಣ್ಣೆದುರೇ ಇಳಿಯುತ್ತದೆ, ನೀರು ಆರಿದಾಗ ಮತ್ತೆ ಏರುತ್ತದೆ. ನೀರಿಗೂ ಕದಲದ ಅಂಕಿಯನ್ನು ನಂಬಬೇಡಿ. ಸೆನ್ಸರ್ ಬದಲು ಹಳೆಯ ಮಾದರಿಯ ಸ್ವಿಚ್ ಇದ್ದರೆ ಅದಕ್ಕೆ ಅಂಕಿ ಇರುವುದಿಲ್ಲ. ಸುಮಾರು 2 ಬಾರ್‌ಗಿಂತ ಕೆಳಗೆ ಮತ್ತು 30 ಬಾರ್‌ಗಿಂತ ಮೇಲೆ ಅದು ಕಂಪ್ರೆಸರಿನ ಸಂಪರ್ಕ ಕಡಿಯುತ್ತದೆ, ಅಷ್ಟೇ.

ವೈರು, ಕನೆಕ್ಟರ್, ಇಲಿ

ಯಾವ ಸೆನ್ಸರ್ ಮೇಲೆ ಅನುಮಾನ ಬಂದರೂ ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು, ನೀರು, ಬಾಗಿದ ಪಿನ್ ಇದೆಯೇ ನೋಡಿ. ಮಳೆಗಾಲದಲ್ಲಿ ಬಾನೆಟ್ ಒಳಗೆ ಬಿಡಾರ ಹೂಡುವ ಇಲಿಗಳು ತೆಳು ವೈರುಗಳನ್ನೇ ಆರಿಸಿ ಕಡಿಯುತ್ತವೆ. ಇಗ್ನಿಷನ್ ಹಾಕಿ, ಬಿಚ್ಚಿದ ಕನೆಕ್ಟರಿನ ಕಾರಿನ ಕಡೆಯ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ. ಎರಡು ಪಿನ್ನಿನ ತಾಪಮಾನ ಸೆನ್ಸರಿಗೆ 5 ವೋಲ್ಟ್ ಹತ್ತಿರ ಬರಬೇಕು. ಮೂರು ಪಿನ್ನಿನ ಒತ್ತಡದ ಸೆನ್ಸರಿನಲ್ಲಿ ಒಂದು 5 ವೋಲ್ಟ್, ಒಂದು ಅರ್ಥಿಂಗ್, ಮೂರನೆಯದು ಸಂಕೇತ. ಜೋಡಿಸಿದಾಗ ಆ ಸಂಕೇತ ಸಾಮಾನ್ಯವಾಗಿ 0.5ರಿಂದ 4.5 ವೋಲ್ಟ್ ಒಳಗೆ ಆಡುತ್ತದೆ. ಮಲ್ಟಿಮೀಟರಿನ ದಪ್ಪ ಮೊನೆಯನ್ನು ಕನೆಕ್ಟರಿನ ರಂಧ್ರಕ್ಕೆ ತುರುಕಬೇಡಿ. ಹಿಡಿತ ಅಗಲವಾಗಿ ಹೊಸ ದೋಷ ಹುಟ್ಟುತ್ತದೆ.

ಇನ್ನೊಂದು ಅಗ್ಗದ ಉಪಾಯ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ ಪೇಟೆಯಲ್ಲಿ ಒಂದೆರಡು ರೂಪಾಯಿಗೆ ಸಿಗುವ ರೆಸಿಸ್ಟರ್ ಒಂದನ್ನು, ಕೈಪಿಡಿಯಲ್ಲಿ 25 ಡಿಗ್ರಿಗೆ ಹೇಳಿದ ಬೆಲೆಯದ್ದನ್ನು, ಸೆನ್ಸರಿನ ಜಾಗದಲ್ಲಿ ತಾತ್ಕಾಲಿಕವಾಗಿ ಜೋಡಿಸಿ. ಸ್ಕ್ಯಾನರ್ 25ರ ಹತ್ತಿರ ತೋರಿಸಿದರೆ ವೈರೂ ಕಂಪ್ಯೂಟರೂ ಸರಿ, ಕೆಟ್ಟಿರುವುದು ಸೆನ್ಸರ್. ಆಗಲೂ ಮೈನಸ್ 40 ಎಂದರೆ ಸೆನ್ಸರ್ ಕೊಳ್ಳಲು ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗುವ ಅಗತ್ಯವಿಲ್ಲ, ವೈರು ಹುಡುಕಿ. ರೆಸಿಸ್ಟರನ್ನು ಹಾಗೆಯೇ ಬಿಟ್ಟು ಕಾರು ಓಡಿಸುವ ಜಾಣತನ ಮಾತ್ರ ಬೇಡ. ಇವ್ಯಾಪರೇಟರಿಗೆ ಹಾಗೆ ಮಾಡಿದರೆ ಐಸ್ ಕಟ್ಟುವುದು ಖಂಡಿತ.

ಕೋಡುಗಳ ಬಗ್ಗೆ

ಸ್ಕ್ಯಾನರ್ ತೋರಿಸುವ ದೋಷದ ಕೋಡುಗಳಲ್ಲಿ ಪಿ0070ರಿಂದ ಪಿ0073ರವರೆಗಿನವು ಹೊರಗಿನ ತಾಪಮಾನದ ಸೆನ್ಸರಿಗೆ, ಪಿ0530ರಿಂದ ಪಿ0533 ಗ್ಯಾಸಿನ ಒತ್ತಡದ ಸೆನ್ಸರಿಗೆ ಸೇರಿದವು. ಇವು ದೂರುವುದು ಆ ಸರ್ಕ್ಯೂಟನ್ನು, ಆ ಬಿಡಿಭಾಗವನ್ನೇ ಅಲ್ಲ. ಪಿ0073 ಎಂದರೆ ವೋಲ್ಟೇಜ್ ಹೆಚ್ಚಾಗಿದೆ ಎಂದು, ಅಂದರೆ ಬಹುಮಟ್ಟಿಗೆ ತುಂಡಾದ ವೈರು ಅಥವಾ ಕಳಚಿದ ಕನೆಕ್ಟರ್.

ಕೆಲವು ಕಾರುಗಳು ಸ್ಕ್ಯಾನರ್ ಇಲ್ಲದೆಯೇ ತಮ್ಮ ದೋಷ ಹೇಳಿಕೊಳ್ಳುತ್ತವೆ. ಟೊಯೋಟಾದ ಆಟೋ ಎಸಿ ಇರುವ ಹಲವು ಹಳೆಯ ಮಾದರಿಗಳಲ್ಲಿ ಆಟೋ ಬಟನ್ ಮತ್ತು ಒಳಗಾಳಿ ಹೊರಗಾಳಿ ಬಟನ್ ಎರಡನ್ನೂ ಒತ್ತಿಹಿಡಿದು ಇಗ್ನಿಷನ್ ಹಾಕಿದರೆ ದೀಪಗಳು ಮಿನುಗಿ, ಬಳಿಕ ಪರದೆಯ ಮೇಲೆ ಅಂಕಿ ಬರುತ್ತದೆ. 00 ಎಂದರೆ ದೋಷವಿಲ್ಲ, 11 ಒಳಗಿನ ಸೆನ್ಸರ್, 12 ಹೊರಗಿನದು, 13 ಇವ್ಯಾಪರೇಟರ್, 21 ಬಿಸಿಲಿನದು. ಇದನ್ನು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಮಾಡಿದರೆ ಬಿಸಿಲಿಲ್ಲದ ಕಾರಣಕ್ಕೇ 21 ಬರಬಹುದು. ಕಾರನ್ನು ಹೊರಗೆ ತಂದು ಮತ್ತೊಮ್ಮೆ ಮಾಡಿ.

ರಿಪೇರಿಯ ನಂತರ ಕೋಡುಗಳನ್ನು ಅಳಿಸಿ, ಅರ್ಧ ಗಂಟೆ ಓಡಿಸಿ, ಮತ್ತೆ ಓದಿ. ಮರುದಿನ ಬೆಳಗಿನ ಪರೀಕ್ಷೆಯನ್ನೂ ಇನ್ನೊಮ್ಮೆ ಮಾಡಿ. ಗ್ಯಾರೇಜಿಗೆ ಕೊಡುವುದಾದರೆ, ಕೆಲಸಕ್ಕೆ ಮುಂಚಿನ ಹಾಗೂ ನಂತರದ ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ತೆಗೆದ ಹಳೆಯ ಸೆನ್ಸರನ್ನು ಕೇಳಿ ಪಡೆಯಿರಿ.